ಕುಳಿತೇಳುವವರ ಸೊಂಟ

ದಾಂಡೇಲಿಯ ಬಂಗೂರನಗರದಲ್ಲಿಯೂ ಅದರ ಸುತ್ತಣ ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಗಳಲ್ಲಿಯೂ ಬಾಳುವ ಜನರ ದಿನಚರಿಯನ್ನು ಗಮನಿಸಿದವರಿಗೆ, ಇಲ್ಲಿಯ ಬದುಕಿನ ಬಹುಭಾಗವು ನೆಲಕ್ಕೆ ಸಮೀಪವಾಗಿಯೇ ನಡೆಯುತ್ತದೆಂಬುದು ತಾನಾಗಿ ತೋರುತ್ತದೆ. ಜೋಯಿಡಾದ ಕಾಡಂಚಿನ ಗದ್ದೆಗಳಲ್ಲಿ ಕುಣಬಿ ಹೆಂಗಸರು ಹೊತ್ತೇರುವವರೆಗೂ ಬಾಗಿ ಸಸಿ ನೆಡುತ್ತಾರೆ. ಹಳಿಯಾಳದ ಗರಡಿಗಳಲ್ಲಿ ಎಳೆಯ ಪೈಲವಾನರು ಬೆಳಗಿನ ಜಾವದಲ್ಲೆದ್ದು ಬೈಠಕ್ ಹೊಡೆಯುತ್ತಾರೆ. 1966ರಲ್ಲಿ ಮುಂಡಗೋಡದ ಬಳಿ ಸ್ಥಾಪಿತವಾದ ಟಿಬೆಟಿಯನ್ನರ ವಸತಿಯಲ್ಲಿ ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳ ಭಿಕ್ಷುಗಳು ಕಾಲು ಮಡಚಿ ಕುಳಿತು ದೀರ್ಘಕಾಲ ಅಧ್ಯಯನದಲ್ಲಿ ಮಗ್ನರಾಗುತ್ತಾರೆ. ಕಾಗದದ ಕಾರ್ಖಾನೆಯ ಕಾರ್ಮಿಕನು ಪಾಳಿ ಮುಗಿಸಿ ಬಂದು ಚಕ್ಕಳಮಕ್ಕಳ ಹಾಕಿಕೊಂಡು ತಾಟಿನ ಮುಂದೆ ಕೂಡುತ್ತಾನೆ. ಈ ಎಲ್ಲ ಭಂಗಿಗಳ ಭಾರವನ್ನು ಹೊರುವುದು ಶರೀರದ ಅತ್ಯಂತ ಗಾಢವಾದ ಒಂದು ಸಂಧಿ, ಎಂದರೆ ತೊಡೆಯೆಲುಬು ಸೊಂಟದ ಎಲುಬನ್ನು ಕೂಡುವ ಸ್ಥಾನ. ಮಂಡಿಯ ನೋವನ್ನು ಕುರಿತು ಮನೆಮನೆಯಲ್ಲಿಯೂ ಮಾತಿದೆ. ಬೆನ್ನಿನ ನೋವಿಗೆ ಬೀದಿಗೊಂದು ಔಷಧವಿದೆ. ಆದರೆ ಸೊಂಟದ ಸಂಧಿಯು ಮಾಂಸಖಂಡಗಳ ಆಳದಲ್ಲಿ ಅಡಗಿರುವುದರಿಂದ, ಅದರ ವ್ಯಥೆ ಬಹುಕಾಲ ಹೆಸರಿಲ್ಲದೆಯೇ ಉಳಿದುಬಿಡುತ್ತದೆ.

ಹೀಗೆ ಹೆಸರಿಲ್ಲದೆ ಉಳಿಯುವ ವ್ಯಥೆಗಳಲ್ಲಿ ಒಂದನ್ನು ವೈದ್ಯರು ಹಿಪ್ ಇಂಪಿಂಜ್‌ಮೆಂಟ್ ಎಂದು ಕರೆಯುತ್ತಾರೆ. ಸೊಂಟದ ಎಲುಬಿನಲ್ಲಿ ಬಟ್ಟಲಿನಾಕಾರದ ಒಂದು ಗುಳಿಯೂ, ತೊಡೆಯೆಲುಬಿನ ತುದಿಯಲ್ಲಿ ಆ ಗುಳಿಯಲ್ಲಿ ಹೊರಳುವ ದುಂಡಾದ ಶಿರವೂ, ಶಿರದ ಕೆಳಗೆ ಸಣಕಲಾದ ಕುತ್ತಿಗೆಯೂ ಇರುವುವು. ಗುಳಿಯ ಅಂಚಿಗೆ ಲೇಬ್ರಮ್ ಎಂಬ ಮೆತುವಾದ ಬಳೆಯೊಂದು ಸುತ್ತಿಕೊಂಡು, ಸಂಧಿಯೊಳಗಿನ ದ್ರವವನ್ನು ಹೊರಗೆ ಸೋರಗೊಡದೆ ಹಿಡಿದಿರುತ್ತದೆ. ಶಿರ ಮತ್ತು ಕುತ್ತಿಗೆ ಕೂಡುವೆಡೆಯಲ್ಲಿ ಸಹಜವಾದ ತಗ್ಗೊಂದು ಇರಬೇಕು. ಮಂಡಿಯನ್ನು ಎದೆಯತ್ತ ಮಡಚಿದಾಗ ಗುಳಿಯ ಅಂಚು ಬಂದು ಕೂಡುವುದು ಆ ತಗ್ಗಿನಲ್ಲಿಯೇ. ಕೆಲವರಲ್ಲಿ ಆ ತಗ್ಗು ತುಂಬಿಹೋಗಿ ಎಲುಬು ಉಬ್ಬಿರುತ್ತದೆ. ಕಾರ್ಖಾನೆಯ ಫಿಟ್ಟರುಗಳು ಬಲ್ಲ ಯಂತ್ರದ ಕ್ಯಾಮ್‌ನಂತೆ, ಸರಿಯಾದ ವೃತ್ತವಲ್ಲದ ಆ ಶಿರವು ತಿರುಗುವಾಗ ಉಬ್ಬಿದ ಪಕ್ಕ ಬಂದೊಡನೆ ಎದುರಿನ ಅಂಚನ್ನು ನೂಕುತ್ತದೆ. ಆದುದರಿಂದ ವೈದ್ಯರೂ ಅದನ್ನು ಕ್ಯಾಮ್ ಎಂದೇ ಕರೆದರು. ಮತ್ತೆ ಕೆಲವರಲ್ಲಿ ಶಿರ ಸರಿಯಾಗಿಯೇ ಇದ್ದು, ಗುಳಿಯ ಅಂಚು ಮಾತ್ರ ಮಿತಿಮೀರಿ ಮುಂದಕ್ಕೆ ಚಾಚಿರುತ್ತದೆ, ಅದು ಪಿನ್ಸರ್. ಎರಡೂ ಕೂಡಿರುವವರೇ ಬಹಳ ಮಂದಿ. ಆಳವಾಗಿ ಮಡಚಿದಾಗಲೆಲ್ಲ ಎಲುಬಿಗೆ ಎಲುಬು ತಾಕಿ, ನಡುವೆ ಸಿಕ್ಕ ಲೇಬ್ರಮ್ ಹರಿಯುತ್ತದೆ, ಅದರಾಚೆಯ ಮೃದ್ವಸ್ಥಿ ಬುಡ ಬಿಟ್ಟು ಏಳುತ್ತದೆ.

ಇಂಥ ರೋಗಿಯು ವೈದ್ಯರ ಮುಂದೆ ಹೇಳಿಕೊಳ್ಳುವ ಮಾತು ನಮ್ಮ ಸೀಮೆಯ ಭಾಷೆಯಲ್ಲಿ ಹೆಚ್ಚುಕಡಮೆ ಹೀಗಿರುತ್ತದೆ: “ನಡದ್ರ ಏನೂ ಇಲ್ರಿ ಡಾಕ್ಟರ್ರ, ಕುಂತು ಏಳಬೇಕಾದ್ರ ತೊಡಿಸಂದ್ಯಾಗ ಛಳಕ್ ಅಂತೈತ್ರಿ.” ನೋವು ಎಲ್ಲಿ ಎಂದು ಕೇಳಿದರೆ ಅವನು ಒಂದು ಬೆರಳಿಟ್ಟು ತೋರಿಸುವುದಿಲ್ಲ, ಹೆಬ್ಬೆರಳನ್ನು ಹಿಂದಕ್ಕೂ ಉಳಿದ ಬೆರಳುಗಳನ್ನು ಮುಂದಕ್ಕೂ ಮಾಡಿ, ಸೊಂಟದ ಪಕ್ಕವನ್ನೇ ಅಂಗೈಯಿಂದ ತಬ್ಬಿ ಹಿಡಿಯುತ್ತಾನೆ. ಸಂಧಿಯೊಳಗಿನ ನೋವಿನ ಲಕ್ಷಣವಾಗಿ ಈ ಹಿಡಿತವನ್ನು ಜಗತ್ತಿನಾದ್ಯಂತ ವೈದ್ಯರು ಗುರುತಿಸಿದ್ದಾರೆ. ಅನಂತರ ವೈದ್ಯರು ಅವನನ್ನು ಅಂಗಾತ ಮಲಗಿಸಿ, ಮಂಡಿಯನ್ನು ಹೊಟ್ಟೆಯ ಕಡೆಗೆ ಮಡಚಿ, ತೊಡೆಯನ್ನು ಇನ್ನೊಂದು ಕಾಲಿನತ್ತ ಸರಿಸಿ, ಪಾದವನ್ನು ಹೊರಕ್ಕೆ ತಿರುಗಿಸುತ್ತಾರೆ. ಆಗ ತೊಡೆಸಂದಿಯಲ್ಲಿ ಅವನಿಗೆ ಪರಿಚಿತವಾದ ಅದೇ ಛಳುಕು ಎದ್ದರೆ ಸಂಶಯಕ್ಕೆ ಆಧಾರ ದೊರೆಯಿತು. ಈ ಪರೀಕ್ಷೆಗೆ ಯಂತ್ರವೂ ಬೇಡ, ಹಣವೂ ಬೇಡ. ಒಂದು ಮಂಚವೂ ತಿಳಿದ ಎರಡು ಕೈಗಳೂ ಸಾಕು. ಆದರೆ ಆ ಛಳುಕು ಬೇರೆ ಕಾರಣಗಳಿಂದಲೂ ಏಳಬಹುದಾದುದರಿಂದ, ಇದೊಂದರ ಮೇಲೆಯೇ ನಿರ್ಣಯ ಮಾಡುವುದು ಸಲ್ಲದು.

ಎಲುಬಿನ ಈ ತಾಕಾಟ ಹೊಸದಾಗಿ ಹುಟ್ಟಿದ ರೋಗವೇನೂ ಅಲ್ಲ. ಬಾಸ್ಟನ್ನಿನ ಶಸ್ತ್ರವೈದ್ಯ ಸ್ಮಿತ್-ಪೀಟರ್ಸನ್ 1936ರಷ್ಟು ಹಿಂದೆಯೇ, ತೊಡೆಯೆಲುಬಿನ ಕುತ್ತಿಗೆ ಗುಳಿಯ ಅಂಚಿಗೆ ತಾಕುವುದನ್ನು ಕಂಡು, ಅಂಚನ್ನು ಕೆತ್ತಿ ನೋವನ್ನು ಕಡಮೆ ಮಾಡಲು ಯತ್ನಿಸಿದ್ದನು. ಆ ವಿಚಾರ ಮುಂದೆ ಬಹುಮಟ್ಟಿಗೆ ಮರೆತುಹೋಯಿತು. ಅದಕ್ಕೆ ಪುನರ್ಜನ್ಮ ಕೊಟ್ಟವನು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ರೈನ್‌ಹೋಲ್ಡ್ ಗಾಂಝ್. ಸೊಂಟದ ಸಂಧಿಯನ್ನು ಶಸ್ತ್ರಕ್ರಿಯೆಯಿಂದ ತೆರೆದು ಶಿರವನ್ನು ಗುಳಿಯಿಂದ ಹೊರತೆಗೆದರೆ ಅದರ ರಕ್ತನಾಳಗಳು ಹರಿದು ಶಿರವೇ ಸತ್ತುಹೋಗುತ್ತದೆಂಬ ಭಯ ಅಲ್ಲಿಯವರೆಗೆ ವೈದ್ಯಲೋಕವನ್ನು ಆವರಿಸಿತ್ತು. ಗಾಂಝ್ ಮತ್ತು ಅವನ ಸಹೋದ್ಯೋಗಿಗಳು ಆ ರಕ್ತನಾಳದ ಮಾರ್ಗವನ್ನು ಸೂಕ್ಷ್ಮವಾಗಿ ಶೋಧಿಸಿ, ಅದಕ್ಕೆ ಅಪಾಯ ತಟ್ಟದಂತೆ ಶಿರವನ್ನು ಹೊರತೆಗೆಯುವ ವಿಧಾನವನ್ನು ರೂಪಿಸಿ, 2001ರಲ್ಲಿ 213 ಸೊಂಟಗಳ ಅನುಭವವನ್ನು ಪ್ರಕಟಿಸಿದರು. ಒಮ್ಮೆ ಸಂಧಿಯ ಅಂತರಂಗವನ್ನು ಕಣ್ಣಾರೆ ನೋಡುವ ದಾರಿ ತೆರೆದ ಮೇಲೆ, ತಾಕಾಟ ನಡೆಯುವ ಸ್ಥಳದಲ್ಲಿಯೇ ಮೃದ್ವಸ್ಥಿ ಕಿತ್ತಿರುವುದು ಮತ್ತೆಮತ್ತೆ ಕಂಡುಬಂತು. ಆರುನೂರಕ್ಕೂ ಮಿಕ್ಕ ಅಂಥ ಶಸ್ತ್ರಕ್ರಿಯೆಗಳ ಅನುಭವದ ಮೇಲೆ ಅವರು 2003ರಲ್ಲಿ ಬರೆದ ಪ್ರಬಂಧವು, ಕಾರಣ ತಿಳಿಯದೆಂದು ವೈದ್ಯರು ಕೈಚೆಲ್ಲುತ್ತಿದ್ದ ಸೊಂಟದ ಸವೆತದಲ್ಲಿ ಅನೇಕವು ಈ ತಾಕಾಟದಿಂದಲೇ ಆರಂಭವಾಗುತ್ತವೆಂಬ ವಾದವನ್ನು ಲೋಕದ ಮುಂದಿಟ್ಟಿತು. ಒಂದು ಪ್ರಬಂಧವು ಒಂದು ಶಸ್ತ್ರಶಾಖೆಯ ದಿಕ್ಕನ್ನೇ ಬದಲಿಸಿದ ನಿದರ್ಶನಗಳಲ್ಲಿ ಇದೂ ಒಂದು.

ಈ ಉಬ್ಬು ಹುಟ್ಟಿನಿಂದ ಬರುವುದೋ, ಬೆಳೆಯುತ್ತ ಬರುವುದೋ ಎಂಬ ಪ್ರಶ್ನೆಗೆ ಹಾಲೆಂಡಿನ ಸಂಶೋಧಕರು ಒಂದು ಉತ್ತರ ಕೊಟ್ಟಿದ್ದಾರೆ. ಕಾಲ್ಚೆಂಡಿನ ವೃತ್ತಿಗೆ ತರಬೇತಾಗುತ್ತಿದ್ದ ಬಾಲಕರ ಸೊಂಟಗಳನ್ನು ವರ್ಷಗಳ ಅಂತರದಲ್ಲಿ ಪರೀಕ್ಷಿಸಿದಾಗ, ಎಲುಬಿನ ಬೆಳವಣಿಗೆಯ ಪದರ ಇನ್ನೂ ಮುಚ್ಚದಿದ್ದವರಲ್ಲಿ ಉಬ್ಬು ಹೆಚ್ಚುತ್ತ ಹೋದುದೂ, ಆ ಪದರ ಮುಚ್ಚಿದ ಮೇಲೆ ಅದು ಹೆಚ್ಚದೆ ನಿಂತುದೂ ಕಂಡುಬಂದವು. ಎಂದರೆ ಹತ್ತು-ಹನ್ನೆರಡರಿಂದ ಹದಿನಾರು-ಹದಿನೇಳರ ಪ್ರಾಯದಲ್ಲಿ ಅತಿಯಾದ ವ್ಯಾಯಾಮದ ಒತ್ತಡಕ್ಕೆ ಎಲುಬು ತೋರುವ ಪ್ರತಿಕ್ರಿಯೆಯಿದು. ಹಳಿಯಾಳದ ಗರಡಿಯಲ್ಲಿ ಕುಸ್ತಿ ಕಲಿಯುವ ಬಾಲಕ ಬಾಲಕಿಯರೂ, 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆ ಹುಡುಕಿ ತೆಗೆದ ಸಿದ್ದಿ ಸಮುದಾಯದ ಓಟಗಾರರ ಮಾರ್ಗದಲ್ಲಿ ಇಂದು ನಡೆಯಬಯಸುವ ಮಕ್ಕಳೂ ಇದೇ ಪ್ರಾಯದವರು. ಅವರ ಆಟ ನಿಲ್ಲಬೇಕೆಂದು ಇದರ ಅರ್ಥವಲ್ಲ. ಆಟದಿಂದ ಅವರಿಗೆ ದೊರೆಯುವ ಆರೋಗ್ಯವೂ ಆತ್ಮಗೌರವವೂ ಅಪಾರ. ಆದರೆ ವಾರದಲ್ಲಿ ವಿಶ್ರಾಂತಿಯ ದಿನಗಳು ಇರಬೇಕು. ಒಂದೇ ಬಗೆಯ ಬೈಠಕ್ಕನ್ನು ಸಂಖ್ಯೆಯ ಹಠಕ್ಕಾಗಿ ಹೊಡೆಸುವ ಪದ್ಧತಿ ಹೋಗಬೇಕು. ತೊಡೆಸಂದಿ ನೋಯುತ್ತದೆಂದ ಹುಡುಗನನ್ನು ಮೈಗಳ್ಳನೆಂದು ಜರೆಯದೆ ಪರೀಕ್ಷೆಗೆ ಕಳುಹಿಸಬೇಕು. ಉಸ್ತಾದರ ಮಾತಿಗೆ ಗರಡಿಯಲ್ಲಿರುವ ಬೆಲೆಯನ್ನು ನೆನೆದರೆ, ಈ ವಿಷಯದಲ್ಲಿ ಅವರಿಗೆ ತಿಳಿವಳಿಕೆ ನೀಡುವುದು ವೈದ್ಯರಿಗೆ ನೀಡುವುದಕ್ಕಿಂತಲೂ ಮುಖ್ಯವೆಂದು ನಾನು ಬಲವಾಗಿ ನಂಬುತ್ತೇನೆ.

ಇಷ್ಟರಲ್ಲಿಯೇ ಓದುಗರು ಒಂದು ಎಚ್ಚರಿಕೆಯನ್ನು ಮನಸ್ಸಿನಲ್ಲಿಡಬೇಕು. ಎಲುಬಿನ ಉಬ್ಬೇ ರೋಗವಲ್ಲ. ಕೆನಡಾದಲ್ಲಿ ಸೊಂಟದ ನೋವೇ ಇಲ್ಲದ 200 ಮಂದಿ ಸ್ವಯಂಸೇವಕರನ್ನು ಎಂ.ಆರ್.ಐ. ಯಂತ್ರದಿಂದ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 14 ಮಂದಿಗೆ ಒಂದು ಪಕ್ಕದಲ್ಲಾದರೂ ಕ್ಯಾಮ್ ಉಬ್ಬಿತ್ತು; ಗಂಡಸರಲ್ಲಿ ಅದು ಸುಮಾರು ನಾಲ್ವರಲ್ಲೊಬ್ಬರಿಗೆ. ಅವರೆಲ್ಲರೂ ಓಡಾಡಿಕೊಂಡು ಸುಖವಾಗಿಯೇ ಇದ್ದವರು. ಇನ್ನೊಂದು ಕಡೆ, ಹಾಲೆಂಡಿನಲ್ಲಿ ಸುಮಾರು ಸಾವಿರ ಮಂದಿಯನ್ನು ಐದು ವರ್ಷ ಅನುಸರಿಸಿದ ಅಧ್ಯಯನವು, ಉಬ್ಬು ತೀರ ದೊಡ್ಡದಾಗಿದ್ದು ಸೊಂಟದ ಒಳತಿರುವೂ ಕುಗ್ಗಿದ್ದವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಸಂಧಿಗಳು ಆ ಅವಧಿಯಲ್ಲಿಯೇ ಪೂರ್ತಿ ಸವೆದುಹೋದುವೆಂದು ತೋರಿಸಿತು. ಈ ಎರಡು ಸತ್ಯಗಳನ್ನೂ ಒಟ್ಟಿಗೆ ಹಿಡಿದುಕೊಂಡೇ, 2016ರಲ್ಲಿ ಇಂಗ್ಲೆಂಡಿನ ವಾರ್ವಿಕ್‌ನಲ್ಲಿ ಸೇರಿದ ನಾನಾ ದೇಶಗಳ ತಜ್ಞರು, ರೋಗಿಯ ದೂರು, ವೈದ್ಯರ ಕೈಗೆ ಸಿಕ್ಕುವ ಚಿಹ್ನೆ, ಚಿತ್ರದಲ್ಲಿ ಕಾಣುವ ಆಕಾರ, ಈ ಮೂರೂ ಕೂಡಿದಾಗ ಮಾತ್ರ ಇದನ್ನು ವ್ಯಾಧಿಯೆಂದು ಕರೆಯತಕ್ಕದ್ದೆಂದು ನಿರ್ಣಯಿಸಿದರು. ಎಕ್ಸ್‌ರೇ ಒಂದನ್ನೇ ನೋಡಿ ಶಸ್ತ್ರಕ್ಕೆ ಕೈಹಾಕುವ ವೈದ್ಯನು ಈ ನಿರ್ಣಯಕ್ಕೆ ವಿರುದ್ಧವಾಗಿ ನಡೆಯುತ್ತಾನೆ.

ಈಗ ವಿಷಯದ ಹೃದಯಕ್ಕೆ ಬರೋಣ. ಗಾಂಝ್‌ನ ತೆರೆದ ಶಸ್ತ್ರಕ್ರಿಯೆ ದೊಡ್ಡದು. ತೊಡೆಯೆಲುಬಿನ ಮೇಲ್ತುದಿಯ ಒಂದು ಭಾಗವನ್ನು ಕೊಯ್ದು ಮತ್ತೆ ಸ್ಕ್ರೂ ಹಾಕಿ ಕೂಡಿಸಬೇಕು. ಆದುದರಿಂದ ಕೆಲವೇ ವರ್ಷಗಳಲ್ಲಿ ಆರ್ತ್ರೋಸ್ಕೋಪಿ ಅದರ ಸ್ಥಾನವನ್ನಾಕ್ರಮಿಸಿತು. ರೋಗಿಗೆ ಅರಿವಳಿಕೆ ಕೊಟ್ಟು, ಕಾಲನ್ನು ವಿಶೇಷ ಮಂಚಕ್ಕೆ ಬಿಗಿದು ಎಳೆದು, ಶಿರ ಮತ್ತು ಗುಳಿಯ ನಡುವೆ ಸುಮಾರು ಒಂದು ಸೆಂಟಿಮೀಟರಿನಷ್ಟು ತೆರಪು ಮಾಡಿ, ಎರಡು ಮೂರು ಸಣ್ಣ ರಂಧ್ರಗಳಿಂದ ಕ್ಯಾಮೆರಾವನ್ನೂ ಉಪಕರಣಗಳನ್ನೂ ಒಳಗಿಳಿಸಿ, ಹರಿದ ಲೇಬ್ರಮನ್ನು ಹೊಲಿದು ಉಬ್ಬಿದ ಎಲುಬನ್ನು ಅರೆದು ತೆಗೆಯುವ ಈ ಕೌಶಲವನ್ನು ಕಂಡರೆ ವಿಸ್ಮಯವಾಗದಿರದು. ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಅದು ಅತಿ ವೇಗವಾಗಿ ಹಬ್ಬಿತು. ಆದರೆ ಅದರಿಂದ ಆಗುವ ಪ್ರಯೋಜನ ಎಷ್ಟು, ಆ ಪ್ರಯೋಜನದಲ್ಲಿ ಶಸ್ತ್ರದ ಪಾಲೆಷ್ಟು, ಕಾಲದ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಎಂಬುದನ್ನು ಯಾರೂ ನ್ಯಾಯವಾಗಿ ಅಳೆದಿರಲಿಲ್ಲ. ಶಸ್ತ್ರಕ್ರಿಯೆಯಾದವರಿಗೆ ಗುಣವಾಯಿತೆಂದ ಮಾತ್ರಕ್ಕೆ ಶಸ್ತ್ರದಿಂದಲೇ ಗುಣವಾಯಿತೆನ್ನಲಾಗದು. ಈ ಮಾತು ಬರಿಯ ತರ್ಕವಲ್ಲ. 2002ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮಂಡಿ ಸವೆದ 180 ರೋಗಿಗಳಲ್ಲಿ ಕೆಲವರಿಗೆ ನಿಜವಾದ ಆರ್ತ್ರೋಸ್ಕೋಪಿಯನ್ನೂ, ಕೆಲವರಿಗೆ ಚರ್ಮದ ಮೇಲೆ ಗಾಯ ಮಾತ್ರ ಮಾಡಿ ಹೊಲಿದ ಹುಸಿ ಶಸ್ತ್ರಕ್ರಿಯೆಯನ್ನೂ ಮಾಡಿ ನೋಡಿದಾಗ, ಎರಡು ಗುಂಪಿಗೂ ನೋವಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅದುವರೆಗೆ ಲಕ್ಷಾಂತರ ಮಂಡಿಗಳಿಗೆ ಆ ಶಸ್ತ್ರ ತಗಲಿತ್ತು.

ಸೊಂಟದ ವಿಷಯದಲ್ಲಿ ಈ ಪ್ರಶ್ನೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡವರು ವಾರ್ವಿಕ್ ವಿಶ್ವವಿದ್ಯಾಲಯದ ಡೇಮಿಯನ್ ಗ್ರಿಫಿನ್ ಮತ್ತು ಅವರ ತಂಡದವರು. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ 2012ರಿಂದ 2016ರವರೆಗೆ 348 ರೋಗಿಗಳನ್ನು ಕೂಡಿಸಿ, ಯಾರಿಗೆ ಶಸ್ತ್ರ, ಯಾರಿಗೆ ವ್ಯಾಯಾಮ ಎಂಬುದನ್ನು ವೈದ್ಯರ ಇಚ್ಛೆಗಾಗಲಿ ರೋಗಿಯ ಇಚ್ಛೆಗಾಗಲಿ ಬಿಡದೆ ಯದೃಚ್ಛೆಗೆ ಬಿಟ್ಟರು. ಈ ಯದೃಚ್ಛೆಯೇ ಇಂಥ ಪರೀಕ್ಷೆಯ ಪ್ರಾಣ. ಆಯ್ಕೆಯನ್ನು ವೈದ್ಯರಿಗೆ ಬಿಟ್ಟರೆ, ಉತ್ಸಾಹಿಯೂ ತರುಣನೂ ಆದ ರೋಗಿಯು ಒಂದು ಗುಂಪಿಗೂ, ಜರ್ಜರಿತನಾದವನು ಇನ್ನೊಂದಕ್ಕೂ ಸರಿದು, ಕೊನೆಗೆ ಕಾಣುವ ಅಂತರವು ಚಿಕಿತ್ಸೆಯದೋ ರೋಗಿಗಳ ಸ್ವಭಾವದ್ದೋ ಎಂಬುದು ಬಗೆಹರಿಯದೆ ಹೋಗುತ್ತದೆ. ವ್ಯಾಯಾಮದ ಗುಂಪಿಗೆ ನಾಮಮಾತ್ರದ ಸಲಹೆ ಕೊಟ್ಟು ಕಳುಹಿಸಲಿಲ್ಲ. ಫಿಸಿಯೋಥೆರಪಿಸ್ಟರು ಹನ್ನೆರಡರಿಂದ ಇಪ್ಪತ್ತನಾಲ್ಕು ವಾರಗಳಲ್ಲಿ ಆರರಿಂದ ಹತ್ತು ಸಲ ಅವರನ್ನು ಕಂಡು, ಪ್ರತಿಯೊಬ್ಬರಿಗೂ ಹೊಂದುವಂತೆ ವ್ಯಾಯಾಮವನ್ನು ಏರಿಸುತ್ತ ಹೋದರು. ಒಂದು ವರ್ಷದ ಕೊನೆಯಲ್ಲಿ ಮೂವತ್ತಮೂರು ಪ್ರಶ್ನೆಗಳ ಒಂದು ಪತ್ರಿಕೆಯಿಂದ, ನೂರು ಅಂಕಗಳ ಮೇಲೆ, ಅವರವರ ಸ್ಥಿತಿಯನ್ನು ಅಳೆದರು.

ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವ್ಯಾಯಾಮದವರು ಸುಮಾರು 36ರಿಂದ 50ಕ್ಕೆ ಏರಿದ್ದರು. ಶಸ್ತ್ರದವರು ಸುಮಾರು 39ರಿಂದ 59ಕ್ಕೆ. ಆರಂಭದ ಅಂತರವನ್ನೂ ಇತರ ಭೇದಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಶಸ್ತ್ರದ ಪಕ್ಷಕ್ಕೆ ಉಳಿದ ಲಾಭ 6.8 ಅಂಕ. ರೋಗಿಯು ತನ್ನ ಬದುಕಿನಲ್ಲಿ ಭೇದವಾಯಿತೆಂದು ಅರಿಯಲು ಕನಿಷ್ಠ 6.1 ಅಂಕಗಳಾದರೂ ಬೇಕೆಂದು ಅವರೇ ಮೊದಲು ಇಟ್ಟುಕೊಂಡಿದ್ದ ಗೆರೆ. ಅದನ್ನು ಅದು ದಾಟಿತು, ಆದರೆ ಕೂದಲೆಳೆಯಷ್ಟೆ. ಎರಡು ಗುಂಪಿನವರೂ ಸುಧಾರಿಸಿದರು, ಎರಡು ಗುಂಪಿನವರೂ ಪೂರ್ತಿ ಗುಣವಾಗಲಿಲ್ಲ ಎಂಬುದನ್ನು ಈ ಅಂಕಗಳೇ ಹೇಳುತ್ತವೆ. ಶಸ್ತ್ರಕ್ಕೆ ತಗಲಿದ ವೆಚ್ಚವನ್ನು ನೋಡಿದರೆ ಮೊದಲ ವರ್ಷದ ಲೆಕ್ಕದಲ್ಲಿ ಅದು ಹಣಕ್ಕೆ ತಕ್ಕ ಪ್ರತಿಫಲವೆನಿಸಲಿಲ್ಲ. ಗಂಭೀರವಾದ ತೊಡಕುಗಳು ಕೆಲವೇ ಆದರೂ ಚಿಕಿತ್ಸೆಗೆ ಸಂಬಂಧಿಸಿದವೆಲ್ಲ ಶಸ್ತ್ರದ ಗುಂಪಿನಲ್ಲಿಯೇ ಆದುವು.

ಮರುವರ್ಷ ಆಕ್ಸ್‌ಫರ್ಡಿನವರು 222 ರೋಗಿಗಳ ಮೇಲೆ ನಡೆಸಿದ ಇನ್ನೊಂದು ಪರೀಕ್ಷೆ ಪ್ರಕಟವಾಯಿತು. ಎಂಟು ತಿಂಗಳಿಗೆ ಶಸ್ತ್ರದ ಗುಂಪು ನೂರಕ್ಕೆ ಹತ್ತು ಅಂಕ ಮುಂದಿತ್ತು. ಅರಿವಿಗೆ ಬರುವಷ್ಟು ಸುಧಾರಣೆಯಾದವರು ಶಸ್ತ್ರದ ಗುಂಪಿನಲ್ಲಿ ನೂರಕ್ಕೆ 51, ಫಿಸಿಯೋಥೆರಪಿಯ ಗುಂಪಿನಲ್ಲಿ 32. ಅಮೆರಿಕದ ಸೈನಿಕ ಆಸ್ಪತ್ರೆಯಲ್ಲಿ 80 ಮಂದಿಯ ಮೇಲೆ ನಡೆದ ಪರೀಕ್ಷೆಯು ಎರಡು ವರ್ಷಗಳ ಕೊನೆಗೆ ಯಾವ ಭೇದವನ್ನೂ ಕಾಣಲಿಲ್ಲ. ಆದರೆ ವ್ಯಾಯಾಮಕ್ಕೆಂದು ಆಯ್ದವರಲ್ಲಿ ಬಹುಮಂದಿ ನಡುವೆಯೇ ಶಸ್ತ್ರಕ್ಕೆ ಹೊರಳಿದುದರಿಂದ, ಅದರಿಂದ ಹೆಚ್ಚಿನದೇನನ್ನೂ ಹೇಳುವಂತಿಲ್ಲ.

ಈ ಮೂರರಲ್ಲಿಯೂ ಒಂದು ಸಮಾನವಾದ ದೌರ್ಬಲ್ಯವಿದೆ: ತನಗೆ ಶಸ್ತ್ರವಾಗಿದೆಯೆಂಬುದು ರೋಗಿಗೆ ತಿಳಿದೇ ಇರುತ್ತದೆ. ಇಷ್ಟು ದೊಡ್ಡದನ್ನು ಮಾಡಿಸಿಕೊಂಡೆನೆಂಬ ಭಾವವೇ ನೋವನ್ನು ಒಂದಿಷ್ಟು ತಗ್ಗಿಸಬಲ್ಲುದು. ಆದುದರಿಂದ ನನಗೆ ಎಲ್ಲಕ್ಕಿಂತ ಮಹತ್ವದ್ದಾಗಿ ತೋರುವುದು ಕೆನಡಾದ ಹ್ಯಾಮಿಲ್ಟನ್ನಿನ ಮಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ ಒಲುಫೆಮಿ ಅಯೇನಿ ಮತ್ತು ಮೋಹಿತ್ ಭಂಡಾರಿಯವರ ತಂಡ ನಡೆಸಿ 2021ರಲ್ಲಿ ಪ್ರಕಟಿಸಿದ ಪರೀಕ್ಷೆ. ಕೆನಡಾ, ಫಿನ್ಲೆಂಡ್ ಮತ್ತು ಡೆನ್ಮಾರ್ಕಿನ 10 ಕೇಂದ್ರಗಳಲ್ಲಿ 220 ಮಂದಿ ತರುಣರಿಗೂ ಮಧ್ಯವಯಸ್ಕರಿಗೂ ಆರ್ತ್ರೋಸ್ಕೋಪಿ ಮಾಡಿದರು. ಆದರೆ ಒಂದು ಗುಂಪಿನಲ್ಲಿ ಉಬ್ಬಿದ ಎಲುಬನ್ನು ಅರೆದು ತೆಗೆದರು, ಇನ್ನೊಂದರಲ್ಲಿ ಎಲುಬನ್ನು ಮುಟ್ಟದೆ ಸಂಧಿಯನ್ನು ತೊಳೆದು ಬಿಟ್ಟರು. ಲೇಬ್ರಮ್ ಅಸ್ಥಿರವಾಗಿದ್ದರೆ ಎರಡು ಗುಂಪಿನಲ್ಲಿಯೂ ಅದನ್ನು ಸರಿಪಡಿಸಲು ಅವಕಾಶವಿತ್ತು. ಯಾವುದು ತನಗಾಯಿತೆಂಬುದು ರೋಗಿಗೆ ತಿಳಿಯದು. ಒಂದು ವರ್ಷದ ಕೊನೆಗೆ ನೋವಿನಲ್ಲಿ ಎರಡಕ್ಕೂ ಗಣನೀಯವಾದ ಭೇದ ಕಾಣಲಿಲ್ಲ! ಎಲುಬಿನ ಆಕಾರವೇ ಸರ್ವಸ್ವವೆಂದು ನಂಬಿದವರಿಗೆ ಇದು ದೊಡ್ಡ ಆಘಾತ. ಆದರೆ ಅಲ್ಲಿಗೇ ನಿಲ್ಲುವುದು ಅನ್ಯಾಯವಾದೀತು. ಏಕೆಂದರೆ ಎರಡು ವರ್ಷಗಳ ಒಳಗೆ ಮತ್ತೆ ಶಸ್ತ್ರಕ್ರಿಯೆ ಬೇಕಾದವರ ಸಂಖ್ಯೆ, ಎಲುಬನ್ನು ಅರೆದ ಗುಂಪಿನಲ್ಲಿ ಇನ್ನೊಂದರ ಅರ್ಧಕ್ಕಿಂತ ಕಡಮೆಯಾಗಿತ್ತು. ಆಕಾರವನ್ನು ತಿದ್ದುವುದರಿಂದ ಏನೋ ಪ್ರಯೋಜನವಿದೆ. ಆದರೆ ಒಂದು ವರ್ಷದ ನೋವಿನ ಅಳತೆಯಲ್ಲಿ ಅದು ಸಿಕ್ಕುವುದಿಲ್ಲ. ಸಂಧಿಯ ಸವೆತವನ್ನು ಅದು ತಡೆಯುವುದೋ ಎಂಬ ಮೂಲಪ್ರಶ್ನೆಗೆ, ಗಾಂಝ್ 2003ರಲ್ಲಿಯೇ ಎತ್ತಿದ ಆ ಪ್ರಶ್ನೆಗೆ, ಹತ್ತು ಹದಿನೈದು ವರ್ಷ ರೋಗಿಗಳನ್ನು ಬಿಡದೆ ಅನುಸರಿಸಿದ ಮೇಲಷ್ಟೆ ಉತ್ತರ ದೊರೆಯಬೇಕು.

ಈ ದೊಡ್ಡ ಪರೀಕ್ಷೆಗಳಾವುವೂ ನಮ್ಮ ದೇಶದಲ್ಲಿ ನಡೆದವಲ್ಲ. ಇದರಿಂದಾಗುವ ಕೊರತೆ ಎಂಥದೆಂಬುದನ್ನು ಆಕ್ಸ್‌ಫರ್ಡಿನವರು ಬಳಸಿದ ಪ್ರಶ್ನೆಪತ್ರಿಕೆಯೇ ತೋರಿಸುತ್ತದೆ. ಕಾರಿನೊಳಕ್ಕೆ ಹತ್ತಿ ಇಳಿಯುವುದು ಕಷ್ಟವೇ, ಸ್ನಾನದ ತೊಟ್ಟಿಯೊಳಕ್ಕೆ ಇಳಿದು ಏಳುವುದು ಕಷ್ಟವೇ, ಕಾಲುಚೀಲ ಮತ್ತು ಬೂಟು ಹಾಕಿಕೊಳ್ಳುವುದು ಕಷ್ಟವೇ ಎಂದು ಅದು ಕೇಳುತ್ತದೆ. ಕುಕ್ಕರಗಾಲಿನಲ್ಲಿ ಕೂಡುವುದರ ಬಗ್ಗೆ ಒಂದು ಪ್ರಶ್ನೆಯಿದೆ. ಚಕ್ಕಳಮಕ್ಕಳ ಹಾಕಿ ಕೂಡುವುದರ ಬಗ್ಗೆ ಇಲ್ಲ. ಬಂಗೂರನಗರದ ಮನೆಯಲ್ಲಿ ಸ್ನಾನದ ತೊಟ್ಟಿ ಎಷ್ಟು ಮಂದಿಗಿದೆ? ಜೋಯಿಡಾದ ಹೆಣ್ಣುಮಗಳಿಗೆ ಕೇಳಬೇಕಾದುದು, ನಟ್ಟಿಯ ದಿನ ಎಷ್ಟು ಹೊತ್ತು ಬಾಗಬಲ್ಲೆ, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದು ಕೈಯೂರದೆ ಏಳಬಲ್ಲೆಯಾ, ಬಯಲ ಕಡೆಗೆ ಹೋದರೆ ಕುಕ್ಕರಗಾಲಿನಲ್ಲಿ ಕೂಡಲಾಗುತ್ತದೆಯೆ ಎಂಬುದನ್ನು. ನೂರಕ್ಕೆ ಎಪ್ಪತ್ತೆಂಟು ಅಂಕ ಪಡೆದು ಆಕ್ಸ್‌ಫರ್ಡಿನ ರೋಗಿ ಸಂತೋಷದಿಂದ ಕುರ್ಚಿಯ ಮೇಲೆ ಬಾಳಬಹುದು. ಉಳಿದ ಇಪ್ಪತ್ತೆರಡರಲ್ಲಿಯೇ ನಮ್ಮವರ ಇಡೀ ಬದುಕು ಅಡಗಿರಲೂಬಹುದು.

ಇಂಥ ಸಂಶೋಧನೆ ನಮ್ಮಿಂದಾಗದೆಂದು ಭಾವಿಸಬೇಕಾಗಿಲ್ಲ. ಸೊಂಟದ ಸಂಧಿಯ ವಿಷಯದಲ್ಲಿಯೇ ನಮ್ಮ ಕರಾವಳಿಯಿಂದ ಜಗತ್ತು ಕಲಿತ ಪಾಠವೊಂದಿದೆ. ಪರ್ಥಿಸ್ ಎಂಬ ಬಾಲ್ಯದ ರೋಗದಲ್ಲಿ ತೊಡೆಯೆಲುಬಿನ ಶಿರಕ್ಕೆ ರಕ್ತ ನಿಂತುಹೋಗಿ, ಅದು ಮೆತ್ತಗಾಗಿ ಒಡೆದು, ವರ್ಷಗಳ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಕೂಡಿಕೊಳ್ಳುವಾಗ ದುಂಡಗಾದರೆ ಮಗು ಉಳಿಯಿತು, ಚಪ್ಪಟೆಯಾಗಿ ಅಗಲವಾದರೆ ಆ ಶಿರವೇ ಮುಂದೆ ಗುಳಿಯ ಅಂಚಿಗೆ ತಾಕುತ್ತ ತಾರುಣ್ಯದಲ್ಲಿಯೇ ಇಂಪಿಂಜ್‌ಮೆಂಟಿಗೆ ಕಾರಣವಾಗುತ್ತದೆ. ಭಾರತದ ನೈರುತ್ಯ ಕರಾವಳಿಯ ಹಳ್ಳಿಗಳಲ್ಲಿ ಈ ರೋಗ ಹೆಚ್ಚೆಂಬುದನ್ನೂ, ಇಲ್ಲಿಯ ಮಕ್ಕಳಿಗೆ ಅದು ಪಾಶ್ಚಾತ್ಯ ಮಕ್ಕಳಿಗಿಂತ ತಡವಾದ ವಯಸ್ಸಿನಲ್ಲಿ ಬರುತ್ತದೆಂಬುದನ್ನೂ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಡಾ. ಬೆಂಜಮಿನ್ ಜೋಸೆಫ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಅವರು 610 ಮಕ್ಕಳ ಎರಡು ಸಾವಿರಕ್ಕೂ ಮಿಕ್ಕ ಎಕ್ಸ್‌ರೇಗಳನ್ನು ಕ್ರಮವಾಗಿ ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವು, ಶಿರವು ಒಡೆಯುವ ಅವಸ್ಥೆಯ ಉತ್ತರಾರ್ಧದಲ್ಲಿ ಗುಳಿಯಿಂದ ಹೊರಕ್ಕೆ ಜಾರುವುದು ಹೆಚ್ಚುತ್ತದೆಂಬುದನ್ನೂ, ಶಿರವನ್ನು ಗುಳಿಯೊಳಗೆ ಉಳಿಸುವ ಶಸ್ತ್ರಕ್ರಿಯೆಯನ್ನು ಅದಕ್ಕೆ ಮೊದಲೇ ಮಾಡತಕ್ಕದ್ದೆಂಬುದನ್ನೂ ಸ್ಪಷ್ಟಗೊಳಿಸಿತು. ಮಕ್ಕಳ ಎಲುಬಿನ ವೈದ್ಯರು ಇಂದು ದೇಶವಿದೇಶಗಳಲ್ಲಿ ಅವರ ಹೆಸರಿನ ವರ್ಗೀಕರಣವನ್ನೇ ಬಳಸುತ್ತಾರೆ. ಇಂಥ ಅಧ್ಯಯನಕ್ಕೆ ಬೇಕಾದುದು ದುಬಾರಿ ಯಂತ್ರವಲ್ಲ. ಮಗುವನ್ನು ಮತ್ತೆಮತ್ತೆ ಕರೆಸಿ ನೋಡುವ ತಾಳ್ಮೆ, ಪ್ರತಿಯೊಂದು ಚಿತ್ರವನ್ನೂ ಜೋಪಾನವಾಗಿಡುವ ಶಿಸ್ತು. ಆ ತಾಳ್ಮೆಯನ್ನು ತರುಣರ ಸೊಂಟದ ವಿಷಯದಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ವೈದ್ಯಕೀಯ ಕಾಲೇಜುಗಳು ಏಕೆ ತೋರಬಾರದು? ನೆಲದ ಮೇಲೆ ಬಾಳುವ ಜನ, ಗರಡಿಯ ಮಕ್ಕಳು, ಪದ್ಮಾಸನದ ಭಿಕ್ಷುಗಳು, ಎಲ್ಲರೂ ಒಂದು ದಿನದ ಪ್ರಯಾಣದೊಳಗೆ ಇರುವ ಇಂಥ ಪ್ರದೇಶ ಬೇರೆಡೆ ಸುಲಭವಾಗಿ ಸಿಕ್ಕುವುದಲ್ಲ. ಭಾರತದಲ್ಲಿ ಇಂಥ ಪರೀಕ್ಷೆಗಳನ್ನು ಮೊದಲೇ ಬಹಿರಂಗವಾಗಿ ದಾಖಲಿಸುವ ನೋಂದಣಿ ವ್ಯವಸ್ಥೆ 2007ರಿಂದಲೇ ಇದೆ. ದಾಖಲಾತಿ 2009ರಿಂದ ಕಡ್ಡಾಯವೂ ಆಗಿದೆ.

ಅದೆಲ್ಲ ಆಗುವವರೆಗೆ, ಈ ಹೊತ್ತು ತೊಡೆಸಂದಿ ಹಿಡಿದುಕೊಂಡು ಕುಳಿತವನು ಮಾಡಬೇಕಾದುದೇನು? ಮೂರು ತಿಂಗಳಾದರೂ ವ್ಯಾಯಾಮವನ್ನು ಶ್ರದ್ಧೆಯಿಂದ ನಡೆಸುವುದು ಮೊದಲ ಹೆಜ್ಜೆ. ಅಂಗಾತ ಮಲಗಿ ಮಂಡಿ ಮಡಚಿ ಪೃಷ್ಠವನ್ನು ಮೆಲ್ಲನೆ ಮೇಲೆತ್ತುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿಳಿಸುವುದು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು ಬೆನ್ನನ್ನು ಸ್ಥಿರವಾಗಿಡುವುದನ್ನು ಕಲಿಯುವುದು, ಇಂಥವು. ಸೊಂಟದ ಸುತ್ತಣ ಸ್ನಾಯು ಬಲವಾದಂತೆ ಎಲುಬಿನ ಅಂಚಿಗೆ ಬೀಳುವ ಒತ್ತಡ ಹಂಚಿಹೋಗುತ್ತದೆ. ಬಲವಂತವಾಗಿ ಮಂಡಿಯನ್ನು ಎದೆಗೊತ್ತಿ ಎಳೆಯುವ ಆಸನಗಳನ್ನು ಈ ಕಾಲದಲ್ಲಿ ಬಿಡಬೇಕು; ಎಳೆದರೆ ಸಡಿಲವಾಗುವುದು ಸ್ನಾಯು, ಎಲುಬಲ್ಲ. ಊಟಕ್ಕೆ ಒಂದು ಗಿಡ್ಡ ಮಣೆ, ಕೆಲಸಕ್ಕೆ ಒಂದು ಸ್ಟೂಲು ಇಟ್ಟುಕೊಂಡರೆ ಮಾನಕ್ಕೇನೂ ಕೊರತೆಯಿಲ್ಲ. ಇಷ್ಟಾದರೂ ನೋವು ಬದುಕನ್ನು ಕಟ್ಟಿಹಾಕಿದರೆ, ಸಂಧಿ ಇನ್ನೂ ಸವೆದಿಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಈ ಶಸ್ತ್ರಕ್ರಿಯೆಯಲ್ಲಿ ನುರಿತ ಕೈಯನ್ನು ಹುಡುಕಿಕೊಂಡು ಹೋಗುವುದರಲ್ಲಿ ತಪ್ಪಿಲ್ಲ. ಪರೀಕ್ಷೆಗಳು ಅದಕ್ಕೆ ಆಧಾರ ಕೊಟ್ಟಿವೆ. ಆದರೆ ಮೃದ್ವಸ್ಥಿ ಸವೆದು ಎಲುಬುಗಳ ನಡುವಣ ತೆರಪು ಮುಚ್ಚಿಹೋದವನಿಗೆ ಆರ್ತ್ರೋಸ್ಕೋಪಿಯಿಂದ ಉಪಕಾರವಾಗದು.

ಕೆಲವು ಚಿಹ್ನೆಗಳಿಗೆ ಮಾತ್ರ ಮೂರು ತಿಂಗಳು ಕಾಯುವಂತಿಲ್ಲ. ರಾತ್ರಿ ಮಲಗಿದಾಗಲೂ ಬಿಡದ ನೋವು, ಜ್ವರದೊಡನೆ ಬಂದ ನೋವು, ಕಾಲೂರಲಾಗದಂತೆ ಮಾಡುವ ನೋವು, ಇವು ಬೇರೆ ರೋಗಗಳ ಸೂಚನೆ. ಸೊಂಟದ ಕ್ಷಯವೂ, ರಕ್ತವಿಲ್ಲದೆ ಶಿರ ಸಾಯುವ ವ್ಯಾಧಿಯೂ ನಮ್ಮ ನಾಡಿನ ತರುಣರಲ್ಲಿ ವಿರಳವಲ್ಲ. ಹಾಗೆಯೇ, ಐದರಿಂದ ಹದಿನೈದರ ವಯಸ್ಸಿನ ಮಗು ಕುಂಟುತ್ತ ಬಂದು, “ಅವ್ವಾ, ಮೊಣಕಾಲು ನೋಯ್ತೈತಿ” ಎಂದರೆ, ಮೊಣಕಾಲನ್ನು ನೋಡಿ ಏನೂ ಇಲ್ಲವೆಂದು ಮುಲಾಮು ಹಚ್ಚಿ ಕಳುಹಿಸಕೂಡದು. ಸೊಂಟದ ನೋವು ನರದ ಮಾರ್ಗವಾಗಿ ಮೊಣಕಾಲಿನಲ್ಲಿ ತೋರಿಕೊಳ್ಳುವುದು ಮಕ್ಕಳಲ್ಲಿ ಸಾಮಾನ್ಯ. ಅಂಥ ಮಗುವಿನ ಎರಡೂ ಸೊಂಟಗಳನ್ನು, ನೇರವಾಗಿ ಮಲಗಿಸಿ ಒಂದು ಸಲವೂ, ತೊಡೆಗಳನ್ನು ಅಗಲಿಸಿ ಇನ್ನೊಂದು ಸಲವೂ ಎಕ್ಸ್‌ರೇ ತೆಗೆದು ನೋಡುವಂತೆ ತಂದೆತಾಯಿಗಳು ತಾವಾಗಿಯೇ ವೈದ್ಯರನ್ನು ಕೇಳಬೇಕು. ದಾಂಡೇಲಿಯಲ್ಲಿ ಆಗದಿದ್ದರೆ ಹಳಿಯಾಳದ ಹಾದಿಯಾಗಿ ಧಾರವಾಡಕ್ಕಾದರೂ ಆ ವಾರದಲ್ಲಿಯೇ ಕರೆದುಕೊಂಡು ಹೋಗಬೇಕು.